ಪುನರಾವೃತ್ತಿಯೂ ಪ್ರಮಾಣವೂ: ಲಾಗ್ ಕಡತಗಳ ಶೋಧನವಿಧಾನವನ್ನು ಕುರಿತು ಒಂದು ವಿಮರ್ಶೆ

ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಗಣಕಯಂತ್ರದ ದಿನವಹಿಯನ್ನು ಕುರಿತ ಲೇಖನಕ್ಕೆ ಸ್ಥಾನವೆಲ್ಲಿ ಎಂದು ಓದುಗರು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಶಿಲಾಶಾಸನ, ತಾಮ್ರಪಟ, ಓಲೆಗರಿ, ಬಖೈರು, ಕೈಫಿಯತ್ತು ಇವೇ ನಮ್ಮ ಆಕರಗಳೆಂದು ಗುರುಮುಖದಿಂದ ಕಲಿತು ಬಂದವರು ನಾವು. ಆದರೆ ಇಂದಿನ ಕಛೇರಿಗಳಲ್ಲಿ ಗುಮಾಸ್ತನು ಬರೆಯುವುದಕ್ಕಿಂತ ಹೆಚ್ಚಿನದನ್ನು ಯಂತ್ರವೇ ಬರೆದಿಡುತ್ತಿದೆ. ಯಾರು ಯಾವ ಹೊತ್ತಿನಲ್ಲಿ ಯಾವ ಪುಟವನ್ನು ಕೇಳಿದರು, ಯಾವ ಕೆಲಸ ನಡೆಯಿತು, ಯಾವುದು ನಡೆಯದೆ ನಿಂತಿತು ಎಂಬುದನ್ನು ಸಾಲುಸಾಲಾಗಿ ದಾಖಲಿಸುವ ಈ ಬರಹಕ್ಕೆ ಲಾಗ್ ಕಡತವೆಂದು ಹೆಸರು. ನಮ್ಮ ಕಾಲದ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಇವು ಮೂಲ ಆಕರಗಳಾಗುವುದರಲ್ಲಿ ಸಂದೇಹವಿಲ್ಲ. ಹೀಗಿರಲಾಗಿ ಅವುಗಳನ್ನು ಓದುವ ಬಗೆಯನ್ನು ಯಂತ್ರಶಾಸ್ತ್ರಜ್ಞರಿಗೇ ಬಿಟ್ಟು ನಾವು ಸುಮ್ಮನಿರುವುದು ಯುಕ್ತವಲ್ಲ.

ಇಂಥ ಕಡತಗಳು ಲಕ್ಷಗಟ್ಟಲೆ ಸಾಲುಗಳಷ್ಟು ಉದ್ದವಾಗಿರುವುದರಿಂದ ಅವನ್ನು ಮೊದಲಿನಿಂದ ಕಡೆಯವರೆಗೆ ಓದುವವರಿಲ್ಲ. ಸ್ಕ್ರಿಪ್ಟ್ ಎಂಬ ಸಣ್ಣ ಪ್ರೋಗ್ರಾಮೊಂದನ್ನು ಬರೆದು, ಮತ್ತೆ ಮತ್ತೆ ಬರುವ ಅನುಕ್ರಮಗಳನ್ನು ಅದರಿಂದ ಹುಡುಕಿಸಿ, ದೊರೆತ ಪಟ್ಟಿಯನ್ನು ಓದುತ್ತಾರೆ. ಈ ಹುಡುಕಾಟದ ವಿಧಾನವೇ ಪ್ರಕೃತ ಲೇಖನದ ವಿಷಯ. ಅದು ಉಪಯುಕ್ತವೆಂಬುದರಲ್ಲಿ ವಿವಾದವಿಲ್ಲ. ಆದರೆ ಅದರಿಂದ ದೊರೆತ ಪಟ್ಟಿಯನ್ನೇ ಪ್ರಮಾಣವೆಂದು ಭಾವಿಸುವ ಅಭ್ಯಾಸ ವಿಮರ್ಶೆಗೆ ಅರ್ಹವಾಗಿದೆ. ಈ ಲೇಖಕನೇ ಒಮ್ಮೆ ಆ ತಪ್ಪನ್ನು ಮಾಡಿದವನು. ಆ ಸಂಗತಿಯನ್ನು ಮುಂದೆ ಅದರ ಸ್ಥಳದಲ್ಲಿ ಹೇಳಲಾಗುವುದು.

೧. ಹೆಸರಿನ ಹಿನ್ನೆಲೆ

'ಲಾಗ್' ಎಂದರೆ ಮರದ ತುಂಡು. ಹಾಯಿಹಡಗಿನ ನಾವಿಕರು ಗಂಟುಗಳನ್ನು ಹಾಕಿದ ಹಗ್ಗದ ತುದಿಗೆ ಮರದ ತುಂಡೊಂದನ್ನು ಕಟ್ಟಿ ಕಡಲಿಗೆ ಎಸೆಯುತ್ತಿದ್ದರು; ಮರಳಿನ ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟುಗಳು ಕೈಜಾರಿ ಹೋದುವೆಂದು ಎಣಿಸಿ ಹಡಗಿನ ವೇಗವನ್ನು ತಿಳಿಯುತ್ತಿದ್ದರು. ಆ ಎಣಿಕೆಯನ್ನು ಬರೆದಿಡುವ ಪುಸ್ತಕಕ್ಕೆ ಲಾಗ್ ಪುಸ್ತಕವೆಂಬ ಹೆಸರಾಯಿತು. ಅಮೆರಿಕದ ನೌಕಾದಳದ ಮ್ಯಾಥ್ಯೂ ಫಾಂಟೇನ್ ಮೋರಿ ಎಂಬ ಅಧಿಕಾರಿ ಹಳೆಯ ಹಡಗುಗಳ ಇಂಥ ಪುಸ್ತಕಗಳನ್ನು ಹೋಲಿಸಿ ನೋಡಿ, ಯಾವ ಕಡಲಿನಲ್ಲಿ ಯಾವ ತಿಂಗಳಲ್ಲಿ ಯಾವ ಗಾಳಿ ಮರುಕಳಿಸುತ್ತದೆಂಬುದನ್ನು ಕಂಡುಕೊಂಡು, ೧೮೪೭ರಿಂದ ಗಾಳಿ ಮತ್ತು ಪ್ರವಾಹಗಳ ನಕ್ಷೆಗಳನ್ನು ಪ್ರಕಟಿಸತೊಡಗಿದನು. ಬೇರೆಬೇರೆ ದೇಶಗಳ ಹಡಗುಗಳು ಒಂದೇ ರೀತಿಯಲ್ಲಿ ಬರೆದಿಡಬೇಕೆಂದು ೧೮೫೩ರಲ್ಲಿ ಬ್ರಸೆಲ್ಸ್ ನಗರದಲ್ಲಿ ಒಂದು ಸಮ್ಮೇಳನವೇ ನಡೆಯಿತು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಯೂರೋಪಿನ ವಿದ್ವಾಂಸರು ೧೭೫೦ರಿಂದ ೧೮೫೦ರವರೆಗಿನ ಡಚ್, ಸ್ಪೇನಿಷ್, ಇಂಗ್ಲಿಷ್ ಮತ್ತು ಫ್ರೆಂಚ್ ಹಡಗುಗಳ ಲಾಗ್ ಪುಸ್ತಕಗಳನ್ನು ಗಣಕಯಂತ್ರಕ್ಕೆ ಊಡಿ ಅಂದಿನ ಹವಾಮಾನವನ್ನು ಊಹಿಸಲು ಯತ್ನಿಸಿದರು. ದಾರಿ ತಿಳಿಯಲೆಂದು ಬರೆದುದು ಗಾಳಿಯ ಚರಿತ್ರೆಗೆ ಆಧಾರವಾಯಿತು. ಬರೆದವನ ಉದ್ದೇಶ ಒಂದು, ಓದುವವನ ಪ್ರಶ್ನೆ ಇನ್ನೊಂದು. ಇದು ನಮ್ಮ ಶಾಸ್ತ್ರಕ್ಕೆ ಹೊಸದಲ್ಲ.

ಗಣಕಯಂತ್ರಗಳು ಹರಡಿದಂತೆ ಈ ಹೆಸರು ಅವುಗಳ ದಿನವಹಿಗೂ ಬಂದಿತು. ೧೯೮೦ರ ದಶಕದಲ್ಲಿ ಬರ್ಕಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಎರಿಕ್ ಆಲ್‌ಮನ್ ಎಂಬಾತನು ಅಂಚೆ ಸಾಗಿಸುವ ತನ್ನ ಪ್ರೋಗ್ರಾಮಿಗಾಗಿ ರೂಪಿಸಿದ ಸಿಸ್‌ಲಾಗ್ ಎಂಬ ಏರ್ಪಾಡು ಕ್ರಮೇಣ ಯೂನಿಕ್ಸ್ ಯಂತ್ರಗಳಲ್ಲೆಲ್ಲ ರೂಢಿಯಾಯಿತು. ಕನ್ನಡದಲ್ಲಿ ನಾವು ಇದಕ್ಕೆ ಸೇರಿಸಿರುವ 'ಕಡತ' ಎಂಬ ಮಾತು ಮತ್ತೂ ಅರ್ಥವತ್ತಾದುದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಮಡಿಸಿದ ಕಪ್ಪು ಪುಸ್ತಕ ನಮ್ಮ ಹಿರಿಯರ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದರು. ಶೃಂಗೇರಿಯ ಮಠದಲ್ಲಿ ಉಳಿದುಬಂದಿರುವ ಕಡತಗಳು ಎಷ್ಟು ಬೆಲೆಯುಳ್ಳ ಆಕರಗಳೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಅಳಿಸಿಹೋದವು ಎಷ್ಟೆಂದು ಹೇಳಬಲ್ಲವರಿಲ್ಲ. ಯಂತ್ರದ ಕಡತದ ಗತಿಯೂ ಹೀಗೆಯೇ ಎಂಬುದನ್ನು ಕಡೆಯಲ್ಲಿ ನೋಡೋಣ.

೨. ವಿಧಾನದ ಸ್ವರೂಪ

ಸ್ಕ್ರಿಪ್ಟಿನ ಕೆಲಸ ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲನೆಯದಾಗಿ, ಪ್ರತಿಯೊಂದು ಸಾಲಿನಿಂದ ಬದಲಾಗುವ ಭಾಗಗಳಾದ ದಿನಾಂಕ, ವೇಳೆ, ವಿಳಾಸ, ಕ್ರಮಸಂಖ್ಯೆ ಮೊದಲಾದುವನ್ನು ಸೋಸಿ ತೆಗೆಯುತ್ತಾರೆ. ಹೀಗೆ ಮಾಡದಿದ್ದರೆ ಯಾವ ಎರಡು ಸಾಲುಗಳೂ ಒಂದೇ ಆಗಲಾರವು. ಪುನರಾವೃತ್ತಿ ಕಾಣಿಸುವುದೇ ಇಲ್ಲ. ಎರಡನೆಯದಾಗಿ, ಉಳಿದ ಪ್ರತಿಯೊಂದು ಬಗೆಯ ಸಾಲಿಗೂ ಒಂದು ಸಂಕೇತವನ್ನು ಕೊಡುತ್ತಾರೆ. ಮೂರನೆಯದಾಗಿ, ಸಂಕೇತಗಳ ಸಾಲಿನ ಮೇಲೆ ನಿರ್ದಿಷ್ಟ ಅಗಲದ ಕಿಂಡಿಯೊಂದನ್ನು ಒಂದೊಂದೇ ಮನೆ ಸರಿಸುತ್ತ ಹೋಗಿ, ಪ್ರತಿಸಲವೂ ಕಿಂಡಿಯಲ್ಲಿ ಕಂಡುದನ್ನು ಎಣಿಸುತ್ತಾರೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಕ ಚ ಟ ಕ ಚ ಟ ಕ ಚ ತ ಎಂಬ ಒಂಬತ್ತು ಸಂಕೇತಗಳಿವೆ ಎಂದಿಟ್ಟುಕೊಳ್ಳೋಣ. ಕಿಂಡಿಯ ಅಗಲ ಮೂರಾದರೆ ಏಳು ನೋಟಗಳು ದೊರೆಯುತ್ತವೆ. ಅವುಗಳಲ್ಲಿ ಕಚಟ ಎರಡು ಸಲ, ಚಟಕ ಎರಡು ಸಲ, ಟಕಚ ಎರಡು ಸಲ, ಕಚತ ಒಂದು ಸಲ ಬರುತ್ತವೆ. ಪಟ್ಟಿಯನ್ನು ಮಾತ್ರ ನೋಡಿದವನಿಗೆ ಮೂರು ಬೇರೆಬೇರೆ ಆವರ್ತನೆಗಳಿವೆ ಎನಿಸುತ್ತದೆ. ವಾಸ್ತವವಾಗಿ ಇರುವುದು ಕಚಟ ಎಂಬ ಒಂದೇ ಆವರ್ತನೆ. ಉಳಿದೆರಡು ಅದನ್ನೇ ನಡುವಿನಿಂದ ಕತ್ತರಿಸಿ ನೋಡಿದ ತುಣುಕುಗಳು. ಕಿಂಡಿಯನ್ನು ಎರಡಕ್ಕೆ ಇಳಿಸಿದರೆ ಕಚ ಎಂಬುದು ಮೂರು ಸಲ ಬಂದು ಅದೇ ಮುಖ್ಯವೆನಿಸಿಬಿಡುತ್ತದೆ.

ಅಗಲವನ್ನು ಮೊದಲೇ ಗೊತ್ತುಮಾಡದೆ ಅತ್ಯಂತ ಉದ್ದವಾದ ಪುನರಾವೃತ್ತಿಯನ್ನೇ ಹುಡುಕುವ ಉಪಾಯವೂ ಉಂಟು. ೧೯೭೩ರಲ್ಲಿ ಪೀಟರ್ ವೀನರ್ ಸೂಚಿಸಿದ ಸಫಿಕ್ಸ್ ಟ್ರೀ ಎಂಬ ವೃಕ್ಷರಚನೆಯೂ, ೧೯೯೦ರಲ್ಲಿ ಮ್ಯಾನ್‌ಬರ್ ಮತ್ತು ಮೈಯರ್ಸ್ ಎಂಬುವರು ನಿರೂಪಿಸಿದ ಸಫಿಕ್ಸ್ ಅರೇ ಎಂಬ ಪಟ್ಟಿಯೂ ಈ ಕೆಲಸವನ್ನು ಬಹು ಶೀಘ್ರವಾಗಿ ಮಾಡುತ್ತವೆ. ಮೇಲಿನ ಸಾಲನ್ನು ಇವಕ್ಕೆ ಒಪ್ಪಿಸಿದರೆ, ಅತ್ಯಂತ ಉದ್ದವಾದ ಪುನರಾವೃತ್ತಿ ಕಚಟಕಚ ಎಂಬ ಐದು ಸಂಕೇತಗಳದೆಂದು ಉತ್ತರ ಬರುತ್ತದೆ. ಅದು ಸುಳ್ಳಲ್ಲ: ಮೊದಲನೆಯ ಸ್ಥಾನದಿಂದಲೂ ನಾಲ್ಕನೆಯ ಸ್ಥಾನದಿಂದಲೂ ಓದಿದರೆ ಅದೇ ಐದು ಸಂಕೇತಗಳು ಸಿಕ್ಕುತ್ತವೆ. ಆದರೆ ಮೊದಲ ಐದರ ಕಡೆಯ ಎರಡೇ ಎರಡನೆಯ ಐದರ ಮೊದಲ ಎರಡು. ಒಂದೇ ಇಟ್ಟಿಗೆಯನ್ನು ಎರಡು ಗೋಡೆಗಳ ಲೆಕ್ಕಕ್ಕೂ ಹಿಡಿದಂತಾಯಿತು. ಗಣಿತದಲ್ಲಿ ದೋಷವಿಲ್ಲ, ಆ ಉತ್ತರವನ್ನು ಯಾವ ಪ್ರಶ್ನೆಗೆ ಉತ್ತರವೆಂದು ತೆಗೆದುಕೊಂಡೆವೋ ಅಲ್ಲಿ ದೋಷವಿದೆ.

ಮತ್ತೊಂದು ತೊಡಕೂ ಇದೆ. ಲಾಗ್ ಕಡತದಲ್ಲಿ ಅನೇಕರ ಕೆಲಸಗಳು ಹೆಣೆದುಕೊಂಡಿರುತ್ತವೆ. ಒಬ್ಬನ ಎರಡು ಸಾಲುಗಳ ನಡುವೆ ಇನ್ನೊಬ್ಬನ ಸಾಲು ಬಂದು ಕೂತರೆ, ಒತ್ತಾಗಿ ಬರುವುದನ್ನು ಮಾತ್ರ ಹುಡುಕುವ ಸ್ಕ್ರಿಪ್ಟಿಗೆ ಮೊದಲನೆಯವನ ಕ್ರಮ ಕಾಣಿಸುವುದಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಮನ್ನಿಲ, ತೊಯ್ವೊನೆನ್, ವೆರ್ಕಾಮೊ ಎಂಬ ಮೂವರು ದೂರವಾಣಿ ಜಾಲಗಳ ಎಚ್ಚರಿಕೆಯ ಸೂಚನೆಗಳನ್ನು ಪರಿಶೀಲಿಸಿ ೧೯೯೭ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಕಷ್ಟಕ್ಕೆ ಒಂದು ದಾರಿ ತೋರಿಸಿದ್ದಾರೆ. ಇಷ್ಟು ಹೊತ್ತಿನೊಳಗೆ ಈ ಈ ಘಟನೆಗಳು ಈ ಕ್ರಮದಲ್ಲಿ ಬಂದುವೇ ಎಂದು ಅವರು ಕೇಳಿದರು. ನಡುವೆ ಬೇರೆಯವು ಬಂದರೆ ಬಾಧಕವಿಲ್ಲ. ಇಲ್ಲಿ ಗಮನಿಸಬೇಕಾದುದು ಅವರ ಕಿಂಡಿ ಸಾಲುಗಳ ಸಂಖ್ಯೆಯದಲ್ಲ, ಕಾಲದ್ದು. ಎಲ್ಲರೂ ಮೊದಲ ಹಂತದಲ್ಲಿಯೇ ಸೋಸಿ ಎಸೆಯುವ ವೇಳೆಯನ್ನು ಅವರು ಕೈಬಿಡಲಿಲ್ಲ.

೩. ಸೋಸಿ ಎಸೆದುದರ ಬೆಲೆ

ಪುನರಾವೃತ್ತಿಯೆಂದರೆ ಬೇಡದ ಹೊರೆ ಎಂಬ ಭಾವನೆ ವಿದ್ವಾಂಸರಲ್ಲಿಯೂ ಇದ್ದುದೇ. ಬಿ. ಎಲ್. ರೈಸ್ ಅವರು ೧೮೮೬ರಿಂದ ಹೊರತಂದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳ ಉಪಕಾರವನ್ನು ಕನ್ನಡ ನಾಡು ಎಂದಿಗೂ ಮರೆಯಲಾರದು. ಆದರೆ ಅವುಗಳ ಇಂಗ್ಲಿಷ್ ಅನುವಾದಗಳಲ್ಲಿ ರಾಜರ ಬಿರುದುಗಳ ಸ್ಥಳದಲ್ಲಿಯೂ ಕಡೆಯ ಶಾಪಾಶಯದ ಸ್ಥಳದಲ್ಲಿಯೂ 'ಎಂದಿನಂತೆ' ಎಂಬರ್ಥದ ಒಂದು ಮಾತನ್ನಿಟ್ಟು ಮುಂದೆ ಸಾಗುವುದನ್ನು ಪದೇ ಪದೇ ಕಾಣುತ್ತೇವೆ. ಅಷ್ಟು ಸಾವಿರ ಶಾಸನಗಳನ್ನು ಅನುವಾದಿಸುವವರಿಗೆ ಅದು ಅನಿವಾರ್ಯವಾಗಿತ್ತು. ಮೂಲಪಾಠವನ್ನೂ ಅವರು ಅಚ್ಚು ಹಾಕಿಸಿದರೆಂಬುದು ನಮ್ಮ ಪುಣ್ಯ. ಅನುವಾದವನ್ನು ಮಾತ್ರ ಓದುವವನಿಗೆ, ಆ 'ಎಂದಿನಂತೆ'ಯಲ್ಲಿ ಒಂದು ಬಿರುದು ಹೆಚ್ಚಿದೆಯೋ ಕಡಿಮೆಯಾಗಿದೆಯೋ ತಿಳಿಯುವ ಬಗೆಯಿಲ್ಲ. ಸಾಮಂತನೊಬ್ಬನು ಒಡೆಯನ ಹೆಸರನ್ನು ಹೇಳುವುದನ್ನು ಯಾವಾಗ ಬಿಟ್ಟನೆಂಬುದು ಅನೇಕ ವೇಳೆ ಅಲ್ಲಿಯೇ ಗೊತ್ತಾಗತಕ್ಕದ್ದು.

ಯಂತ್ರವೂ ಇದನ್ನೇ ಮಾಡುತ್ತದೆ. ಹಳೆಯ ಮಾದರಿಯ ಸಿಸ್‌ಲಾಗಿನಲ್ಲಿ ಒಂದೇ ಸೂಚನೆ ಒಂದರ ಹಿಂದೆ ಒಂದರಂತೆ ಬಂದರೆ, ಅದನ್ನು ಪ್ರತಿಸಲವೂ ಬರೆಯದೆ, ಕಡೆಯ ಸೂಚನೆ ಇಷ್ಟು ಸಲ ಮರುಕಳಿಸಿತು ಎಂಬ ಒಂದೇ ಸಾಲನ್ನು ಬರೆಯುವ ಪದ್ಧತಿಯಿತ್ತು. ಎಷ್ಟು ಸಲವೆಂಬುದು ಉಳಿಯಿತು. ಯಾವ ಯಾವ ಕ್ಷಣದಲ್ಲಿ ಎಂಬುದು ಹೋಯಿತು. ನಿಮಿಷಕ್ಕೊಮ್ಮೆ ಸಮವಾಗಿ ಬಂದ ಹತ್ತು ಸೂಚನೆಗಳಿಗೂ ಒಂದೇ ಉಸಿರಿನಲ್ಲಿ ಬಂದ ಹತ್ತು ಸೂಚನೆಗಳಿಗೂ ಅರ್ಥ ಒಂದೇ ಅಲ್ಲ. ಆದುದರಿಂದ ಸ್ಕ್ರಿಪ್ಟು ಸೋಸುವುದಕ್ಕೆ ಮೊದಲೇ ಒಂದು ಸೋಸುವಿಕೆ ನಡೆದುಹೋಗಿರಬಹುದೆಂಬ ಎಚ್ಚರ ಅಗತ್ಯ.

೪. ಕಿಂಡಿಯ ಅಗಲ

ಈ ವಿಧಾನದ ಅತ್ಯಂತ ಪ್ರಸಿದ್ಧವಾದ ಪ್ರಯೋಗವನ್ನು ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದ ಸ್ಟೆಫನಿ ಫಾರೆಸ್ಟ್ ಮತ್ತು ಅವರ ಸಂಗಡಿಗರು ೧೯೯೬ರಲ್ಲಿ ಪ್ರಕಟಿಸಿದರು. ಯಾವ ಪ್ರೋಗ್ರಾಮೇ ಆಗಲಿ, ಕಡತವನ್ನು ತೆರೆ, ಓದು, ಬರೆ ಎಂದು ಆಪರೇಟಿಂಗ್ ಸಿಸ್ಟಮಿಗೆ ಬೇಡಿಕೆಗಳನ್ನು ಸಲ್ಲಿಸುತ್ತಲೇ ಇರಬೇಕು. ಈ ಬೇಡಿಕೆಗಳ ಚಿಕ್ಕ ಚಿಕ್ಕ ಅನುಕ್ರಮಗಳು ಪ್ರೋಗ್ರಾಮು ಸ್ವಸ್ಥವಾಗಿರುವಾಗ ಮತ್ತೆ ಮತ್ತೆ ಬರುತ್ತವೆ. ಅವನ್ನೆಲ್ಲ ಒಂದು ಭಂಡಾರದಲ್ಲಿ ಕೂಡಿಟ್ಟುಕೊಂಡರೆ, ಭಂಡಾರದಲ್ಲಿಲ್ಲದ ಅನುಕ್ರಮ ಕಂಡಾಗ ಯಾರೋ ಅನ್ಯರು ಒಳನುಗ್ಗಿದ್ದಾರೆಂದು ಶಂಕಿಸಬಹುದು. ದೇಹವು ತನ್ನದನ್ನು ಅನ್ಯದಿಂದ ವಿಂಗಡಿಸುವ ಬಗೆಯನ್ನು ಮಾದರಿಯಾಗಿಟ್ಟುಕೊಂಡ ಈ ಕಲ್ಪನೆ ನಿಜಕ್ಕೂ ಮನೋಹರವಾದುದು, ಫಲವೂ ದೊರೆಯಿತು.

ಈ ಮಾರ್ಗದ ಸಂಶೋಧನೆಗಳಲ್ಲಿ ಕಿಂಡಿಯ ಅಗಲ ಆರು ಎಂಬುದು ರೂಢಿಗೆ ಬಂದಿತು. ಆರೇ ಏಕೆ? ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಕೈಮಿ ಟಾನ್ ಮತ್ತು ರಾಯ್ ಮ್ಯಾಕ್ಸಿಯನ್ ೨೦೦೨ರ ತಮ್ಮ ಪ್ರಬಂಧಕ್ಕೆ ಈ ಪ್ರಶ್ನೆಯನ್ನೇ ಶೀರ್ಷಿಕೆಯಾಗಿ ಇಟ್ಟರು. ಅವರ ಉತ್ತರ ವಿಮರ್ಶೆಯ ದೃಷ್ಟಿಯಿಂದ ಬಹಳ ಬೆಲೆಯುಳ್ಳದ್ದು. ತನ್ನ ತುಣುಕುಗಳೆಲ್ಲ ಪರಿಚಿತವಾಗಿದ್ದು ತಾನು ಇಡಿಯಾಗಿ ಅಪರಿಚಿತವಾಗಿರುವ ಅನುಕ್ರಮವೊಂದಿದ್ದರೆ, ಅದಕ್ಕಿಂತ ಕಿರಿದಾದ ಕಿಂಡಿಯಿಂದ ಅದನ್ನು ಎಂದಿಗೂ ಕಾಣಲಾಗದು. ಕಿಂಡಿಯಲ್ಲಿ ಬೀಳುವುದೆಲ್ಲ ಹಳೆಯ ಪರಿಚಯದ್ದೇ ಆಗಿರುತ್ತದೆ. ಆರು ಎಂಬ ಸಂಖ್ಯೆಯ ಗುಟ್ಟು, ಪ್ರಯೋಗಕ್ಕೆ ಬಳಸಿದ ಆ ದಾಖಲೆಗಳಲ್ಲಿ ಇಂಥ ಅನುಕ್ರಮಗಳಿಗಿದ್ದ ಉದ್ದದಲ್ಲಿದೆಯೇ ಹೊರತು ಪ್ರೋಗ್ರಾಮುಗಳ ಸ್ವಭಾವದಲ್ಲಿಲ್ಲ. ಬೇರೆ ದಾಖಲೆಗಳಿದ್ದರೆ ಬೇರೆ ಸಂಖ್ಯೆ ಬರುತ್ತಿತ್ತು. ಒಂದು ಊರಿನ ಕೊಳಗದಿಂದ ಅಳೆದುದನ್ನು ನಾಡಿನ ಅಳತೆಯೆಂದು ಸಾರಿದಂತಾಗಿತ್ತು.

ಅದೇ ೨೦೦೨ರಲ್ಲಿ ಡೇವಿಡ್ ವ್ಯಾಗ್ನರ್ ಮತ್ತು ಪಾವೊಲೊ ಸೋಟೊ ಮತ್ತೊಂದು ದೌರ್ಬಲ್ಯವನ್ನು ತೋರಿಸಿದರು. ಪರಿಚಿತ ಅನುಕ್ರಮಗಳು ಯಾವುವೆಂದು ಬಲ್ಲ ಆಕ್ರಮಣಕಾರನು ತನ್ನ ಕೆಲಸದ ನಡುನಡುವೆ ನಿರುಪದ್ರವಿಯಾದ ಬೇಡಿಕೆಗಳನ್ನು ತುಂಬಿ, ಇಡೀ ಸಾಲು ಭಂಡಾರಕ್ಕೆ ಹೊಂದುವಂತೆ ಮಾಡಬಹುದು. ಇತಿಹಾಸದ ವಿದ್ಯಾರ್ಥಿಗೆ ಇದು ಕೂಟಶಾಸನದ ಕಲೆಯೆಂದು ಕೂಡಲೇ ಗೊತ್ತಾಗುತ್ತದೆ. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟವೆಂದು ಜೆ. ಎಫ್. ಫ್ಲೀಟ್ ವಾದಿಸಿದುದೂ ರೈಸ್ ಅದನ್ನು ಒಪ್ಪದೆ ಇದ್ದುದೂ ನಮ್ಮ ಶಾಸನಶಾಸ್ತ್ರದ ಚರಿತ್ರೆಯಲ್ಲಿ ಪ್ರಸಿದ್ಧವಾಗಿವೆ. ಕೂಟಶಾಸನವನ್ನು ಬರೆಯುವವನು ಹೊಸ ಮಾತನ್ನು ಹುಟ್ಟಿಸುವುದಿಲ್ಲ. ವಂಶಾವಳಿಯ ವಾಕ್ಯ, ಬಿರುದು, ದಾನದ ಪರಿಭಾಷೆ, ಶಾಪ ಎಲ್ಲವನ್ನೂ ನಿಜವಾದ ಪಟಗಳಿಂದಲೇ ಎತ್ತಿಕೊಳ್ಳುತ್ತಾನೆ. ನುಡಿಗಟ್ಟುಗಳನ್ನು ಮಾತ್ರ ಎಣಿಸುವವನಿಗೆ ಅವನ ಪಟ ಎಲ್ಲಕ್ಕಿಂತ ಸಾಚಾ ಆಗಿ ತೋರುತ್ತದೆ. ಅಕ್ಷರದ ಆಕಾರವನ್ನು, ತಿಥಿವಾರಗಳ ಹೊಂದಿಕೆಯನ್ನು ನೋಡಿದಾಗ ಮಾತ್ರ ಸಂಶಯ ಹುಟ್ಟುತ್ತದೆ. ಅಂದರೆ, ಪುನರಾವೃತ್ತಿಯ ಹೊರಗಿನ ಸಾಕ್ಷ್ಯ ಬೇಕು.

೫. ಘಟನೆಯೋ ಪ್ರತಿಯೋ

ಈಗ ನಮ್ಮ ವಿಮರ್ಶೆಯ ಮುಖ್ಯಾಂಶಕ್ಕೆ ಬರೋಣ. ಒಂದು ಮಾತು ಹತ್ತು ಕಡೆ ಕಂಡರೆ ಅದು ಹತ್ತು ಸಲ ನಡೆದ ಸಂಗತಿಯೇ, ಅಥವಾ ಒಂದೇ ಸಂಗತಿಯ ಹತ್ತು ಪ್ರತಿಗಳೇ?

ಹೊಯ್ಸಳ ವಿಷ್ಣುವರ್ಧನನು ೧೧೧೬ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದು ತಲಕಾಡುಗೊಂಡ ಎಂಬ ಬಿರುದನ್ನು ಧರಿಸಿದನು. ಅವನ ಶಾಸನಗಳಲ್ಲಿ ಮಾತ್ರವೇ ಅಲ್ಲ, ಅವನ ಮಗ ನರಸಿಂಹ, ಮೊಮ್ಮಗ ವೀರಬಲ್ಲಾಳರ ಶಾಸನಗಳಲ್ಲಿಯೂ ಈ ಬಿರುದು ಬರುತ್ತದೆ. ಶಾಸನಗಳನ್ನೆಲ್ಲ ಸ್ಕ್ರಿಪ್ಟೊಂದಕ್ಕೆ ಒಪ್ಪಿಸಿದರೆ ತಲಕಾಡನ್ನು ಗೆದ್ದ ಮಾತು ತಲೆಮಾರುಗಳುದ್ದಕ್ಕೂ ಆವರ್ತಿಸುವುದು ಕಂಡುಬರುತ್ತದೆ. ಹಾಗೆಂದಮಾತ್ರಕ್ಕೆ ಹೊಯ್ಸಳರು ತಲಕಾಡನ್ನು ತಲೆಮಾರಿಗೊಮ್ಮೆ ಗೆದ್ದರೆಂದು ಯಾರೂ ಬರೆಯುವುದಿಲ್ಲ. ಗೆಲವು ಒಂದು, ಬಿರುದು ಪಿತ್ರಾರ್ಜಿತ. ಮೊದಲನೆಯ ಸಲ ಅದು ಘಟನೆಯ ದಾಖಲೆ, ಆಮೇಲೆ ವಂಶದ ಆಸ್ತಿ. ಗ್ರಂಥಸಂಪಾದಕರಿಗೂ ಈ ನ್ಯಾಯ ಪರಿಚಿತವಾದುದೇ. ಒಂದೇ ಮಾತೃಕೆಯಿಂದ ಇಳಿದ ಹತ್ತು ಓಲೆಪ್ರತಿಗಳು ಒಂದೇ ಪಾಠವನ್ನು ಕೊಟ್ಟರೆ ಅವು ಹತ್ತು ಸಾಕ್ಷಿಗಳಲ್ಲ, ಒಬ್ಬನೇ ಸಾಕ್ಷಿ. ಸಾಕ್ಷಿಗಳನ್ನು ಎಣಿಸುವುದಕ್ಕೆ ಮುನ್ನ ಅವರು ಪರಸ್ಪರ ಸ್ವತಂತ್ರರೇ ಎಂದು ಕೇಳಬೇಕು.

ಲಾಗ್ ಕಡತದಲ್ಲಿ ಪ್ರತಿಗಳು ಹುಟ್ಟುವ ದಾರಿಗಳು ಹಲವು. ಒಂದು ಬೇಡಿಕೆಗೆ ಉತ್ತರ ಬಾರದಿದ್ದರೆ ಕೇಳಿದ ಯಂತ್ರ ತಾನಾಗಿಯೇ ಮತ್ತೆ ಮತ್ತೆ ಕೇಳುತ್ತದೆ. ಒಬ್ಬ ಮನುಷ್ಯನ ಒಂದು ಇಚ್ಛೆ ಕಡತದಲ್ಲಿ ಐದು ಸಾಲಾಗುತ್ತದೆ. ಒಂದೇ ಬೇಡಿಕೆ ಹೆಬ್ಬಾಗಿಲಿನ ಯಂತ್ರದಲ್ಲಿಯೂ ಒಳಮನೆಯ ಯಂತ್ರದಲ್ಲಿಯೂ ದಾಖಲಾಗಿ, ಎರಡು ಕಡತಗಳನ್ನು ಕೂಡಿಸಿದಾಗ ಇಮ್ಮಡಿಯಾಗುತ್ತದೆ. ಗೊತ್ತಾದ ವೇಳೆಗೆ ತಾನಾಗಿ ನಡೆಯುವ ಕೆಲಸಗಳು ಯಾರ ಇಚ್ಛೆಯೂ ಇಲ್ಲದೆಯೇ ಪ್ರತಿದಿನವೂ ಒಂದೇ ಅನುಕ್ರಮವನ್ನು ಬಿಟ್ಟುಹೋಗುತ್ತವೆ.

ಈ ಲೇಖಕನ ತಪ್ಪು ಈ ಕಡೆಯ ಬಗೆಯದು. ಕೆಲವು ವರ್ಷಗಳ ಹಿಂದೆ ಒಂದು ಗ್ರಂಥಾಲಯದವರು ಶಾಸನಸಂಪುಟಗಳನ್ನು ಗಣಕಯಂತ್ರದ ಮೂಲಕ ಓದಲು ಅನುಕೂಲ ಮಾಡಿದ್ದರು. ಅದರ ಲಾಗ್ ಕಡತವನ್ನು ನೋಡಲು ನನಗೆ ಅನುಮತಿ ದೊರೆಯಿತು. ಓದುಗರ ವಿಳಾಸಗಳನ್ನು ಮರೆಮಾಡಿಯೇ ಕೊಟ್ಟಿದ್ದರು. ಅದು ಸರಿಯಾದ ಕ್ರಮವೇ. ನಾನು ಪಾಠ ಹೇಳಿಕೊಂಡು ಕಲಿತ ಅಷ್ಟಿಷ್ಟು ಪ್ರೋಗ್ರಾಮಿಂಗಿನಿಂದ ಸ್ಕ್ರಿಪ್ಟೊಂದನ್ನು ಬರೆದೆ. ವೇಳೆಯನ್ನು ಸೋಸಿ ತೆಗೆದೆ. ಎಣಿಸಿ ನೋಡಿದಾಗ ಒಂದು ಅನುಕ್ರಮ ಉಳಿದೆಲ್ಲಕ್ಕಿಂತ ಮೇಲೆ ನಿಂತಿತು: ವಿಷಯಸೂಚಿ, ಒಂದು ಸಂಪುಟ, ಅದರ ಮೊದಲ ಪುಟ, ಮತ್ತೆ ವಿಷಯಸೂಚಿ, ಮುಂದಿನ ಸಂಪುಟ. ಓದುಗರು ಜಿಲ್ಲೆಯಿಂದ ಜಿಲ್ಲೆಗೆ ಸಂಪುಟಗಳನ್ನು ಕ್ರಮವಾಗಿ ಹೋಲಿಸಿ ನೋಡುತ್ತಿದ್ದಾರೆ, ನಾಡಿನ ಶಾಸನಗಳನ್ನು ಇಡಿಯಾಗಿ ಅರಿಯುವ ಹಂಬಲ ಜನರಲ್ಲಿ ಮೂಡಿದೆ ಎಂದು ನಾನು ಹಿಗ್ಗಿದೆ. ತರಗತಿಯಲ್ಲಿ ಹಾಗೆಂದು ಹೇಳಿಯೂ ಬಿಟ್ಟೆ. ಪ್ರಬಂಧದ ಕರಡೂ ಸಿದ್ಧವಾಯಿತು.

ಎಂ. ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು, "ಸರ್, ಇವರೆಲ್ಲ ಓದುತ್ತಿದ್ದುದು ಯಾವ ಹೊತ್ತಿನಲ್ಲಿ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ, ಅದನ್ನು ಸೋಸಿ ಎಸೆದಿದ್ದೆನಷ್ಟೆ. ಮೂಲ ಕಡತಕ್ಕೆ ಹಿಂದಿರುಗಿ ವೇಳೆಯನ್ನು ಸೇರಿಸಿ ನೋಡಿದೆ. ಆ ಅನುಕ್ರಮ ಪ್ರತಿರಾತ್ರಿಯೂ ಅದೇ ಹೊತ್ತಿಗೆ ಆರಂಭವಾಗುತ್ತಿತ್ತು. ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವಿನ ಅಂತರ ಅಳೆದಂತೆ ಸಮವಾಗಿತ್ತು. ವಿಚಾರಿಸಿದಾಗ, ಪುಟಗಳು ಸರಿಯಾಗಿ ತೆರೆದುಕೊಳ್ಳುತ್ತವೆಯೇ ಎಂದು ಪರೀಕ್ಷಿಸಲು ಗ್ರಂಥಾಲಯದವರೇ ನೇಮಿಸಿದ್ದ ಪ್ರೋಗ್ರಾಮು ಅದೆಂದು ತಿಳಿಯಿತು. ರಾತ್ರಿಯ ಕಾವಲುಗಾರನು ಬಾಗಿಲು ಬಾಗಿಲಿಗೂ ಬೀಗ ಜಗ್ಗಿ ನೋಡಿಕೊಂಡು ಹೋದುದನ್ನು ನಾನು ವಿದ್ವಜ್ಜನರ ಸಂದರ್ಶನವೆಂದು ಓದಿದ್ದೆ. ಕರಡನ್ನು ಹಿಂದಕ್ಕೆ ತೆಗೆದುಕೊಂಡೆ; ಮರುದಿನ ಅದೇ ತರಗತಿಯಲ್ಲಿ ನನ್ನ ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಆ ಸಾಲುಗಳನ್ನು ಕಳೆದ ಮೇಲೆ ಉಳಿದವು ಸ್ವಲ್ಪವೇ, ಒಂದಕ್ಕೊಂದು ಹೋಲದವು. ಒಬ್ಬರು ಒಂದೇ ಪುಟವನ್ನು ತೆರೆದು ಬಹಳ ಹೊತ್ತು ಮುಂದಕ್ಕೆ ಹೋಗದೆ ಇದ್ದಂತೆ ತೋರುವ ಸಾಲೂ ಇತ್ತು. ಬಹುಶಃ ನಿಜವಾದ ಓದುಗರು ಅವರೇ. ಪುನರಾವೃತ್ತಿಯ ಪಟ್ಟಿಯಲ್ಲಿ ಅವರಿಗೆ ಸ್ಥಾನವಿರಲಿಲ್ಲ.

೬. ಒಮ್ಮೆ ಮಾತ್ರ ಬರುವುದು

ಲಾಗ್ ಕಡತಗಳ ಓದಿನ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧವಾದ ಪ್ರಸಂಗವೂ ಈ ಮಾತನ್ನೇ ಸಮರ್ಥಿಸುತ್ತದೆ. ೧೯೮೬ರಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕಲಿ ಪ್ರಯೋಗಶಾಲೆಯಲ್ಲಿ ಗಣಕಯಂತ್ರದ ಬಳಕೆಗೆ ಶುಲ್ಕ ಲೆಕ್ಕ ಹಾಕುವ ಎರಡು ಪುಸ್ತಕಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ವ್ಯತ್ಯಾಸ ೭೫ ಸೆಂಟುಗಳು, ಅಂದರೆ ಒಂದು ಡಾಲರಿನ ಮುಕ್ಕಾಲು ಭಾಗ. ಖಗೋಳವಿಜ್ಞಾನಿಯಾದ ಕ್ಲಿಫರ್ಡ್ ಸ್ಟೋಲ್ ಅದನ್ನು ಅಲಕ್ಷಿಸದೆ ಬೆನ್ನುಹತ್ತಿ, ಪಶ್ಚಿಮ ಜರ್ಮನಿಯ ಹ್ಯಾನೋವರಿನಿಂದ ಒಳನುಗ್ಗುತ್ತಿದ್ದ ಮಾರ್ಕುಸ್ ಹೆಸ್ ಎಂಬವನನ್ನು ಪತ್ತೆ ಮಾಡುವುದಕ್ಕೆ ಕಾರಣನಾದನು. ಅಲ್ಲಿ ಮೊದಲ ಸುಳಿವನ್ನು ಕೊಟ್ಟುದು ಪುನರಾವೃತ್ತಿಯಲ್ಲ. ಎರಡು ಸ್ವತಂತ್ರ ದಾಖಲೆಗಳ ನಡುವಿನ ಅತ್ಯಲ್ಪವಾದ ವಿರೋಧ.

ಆದರೆ ಪುನರಾವೃತ್ತಿಗೆ ಅಲ್ಲಿ ಕೆಲಸವೇ ಇರಲಿಲ್ಲವೆಂದಲ್ಲ. ಯಂತ್ರದಲ್ಲಿ ಯಾರು ಯಾರು ಕೆಲಸದಲ್ಲಿದ್ದಾರೆಂದು ನೋಡಲು ಆ ಆಗಂತುಕನು ಪಿಎಸ್ ಎಂಬ ಆಜ್ಞೆಯನ್ನು ಕೊಡುವಾಗ ಎಫ್ ಎಂಬ ಅಕ್ಷರವನ್ನೂ ಸೇರಿಸುತ್ತಿದ್ದನು. ಬರ್ಕಲಿಯ ಯೂನಿಕ್ಸಿನಲ್ಲಿ ಅದಕ್ಕೆ ಪ್ರಯೋಜನವಿರಲಿಲ್ಲ. ಎಟಿ ಅಂಡ್ ಟಿ ಸಂಸ್ಥೆಯ ಯೂನಿಕ್ಸಿನಲ್ಲಿ ಪಳಗಿದವರ ಕೈಗೆ ಮಾತ್ರ ಅದು ಅಭ್ಯಾಸವ��ಗಿತ್ತು. ಪ್ರಯೋಜನವಿಲ್ಲದ ಒಂದಕ್ಷರ, ಆಗಂತುಕನು ಬರ್ಕಲಿಯ ಪರಿಸರದಲ್ಲಿ ಬೆಳೆದವನಲ್ಲವೆಂದು ಸಾರಿತು. ಪ್ರತಿಗಳ ಸಂಬಂಧವನ್ನು ಸಾಮಾನ್ಯ ಸ್ಖಾಲಿತ್ಯಗಳಿಂದ ನಿರ್ಣಯಿಸುವ ಗ್ರಂಥಸಂಪಾದಕನ ಯುಕ್ತಿಯೂ ಇದೇ. ಸರಿಯಾದ ಪಾಠ ಎಲ್ಲರಲ್ಲಿಯೂ ಸಹಜ. ಒಂದೇ ತಪ್ಪು ಎರಡು ಕಡೆ ಕಂಡಾಗ ಸಂಬಂಧ ಬಯಲಾಗುತ್ತದೆ. ಅಭ್ಯಾಸವನ್ನು ತಿಳಿಯಲು ಪುನರಾವೃತ್ತಿ ಬೇಕು. ಘಟನೆಯನ್ನು ತಿಳಿಯಲು ಆ ಅಭ್ಯಾಸ ಮುರಿದ ಸ್ಥಳವನ್ನು ನೋಡಬೇಕು. ಒಂದನ್ನು ಬಿಟ್ಟು ಇನ್ನೊಂದಿಲ್ಲ.

೭. ಉಪಸಂಹಾರ

ಮೇಲಿನ ವಿಚಾರಗಳಿಂದ ಸ್ಕ್ರಿಪ್ಟುಗಳನ್ನು ತ್ಯಜಿಸಬೇಕೆಂಬ ನಿರ್ಣಯ ಹೊರಡುವುದಿಲ್ಲ. ಲಕ್ಷ ಸಾಲುಗಳನ್ನು ಕಣ್ಣಿನಿಂದ ಓದಿ ತೀರ್ಮಾನಿಸುವವನು ಇನ್ನೂ ದೊಡ್ಡ ತಪ್ಪುಗಳನ್ನು ಮಾಡಿಯಾನು. ಇಲ್ಲಿ ಹೇಳಹೊರಟಿರುವುದು ಇಷ್ಟೆ: ಪಟ್ಟಿಯೊಡನೆ ಅದನ್ನು ಪಡೆದ ಬಗೆಯನ್ನೂ ಮುಂದಿಡಬೇಕು. ಯಾವ ಭಾಗಗಳನ್ನು ಸೋಸಲಾಯಿತು, ಕಿಂಡಿಯ ಅಗಲವೆಷ್ಟು ಮತ್ತು ಏಕೆ, ಒಂದರ ಮೇಲೊಂದು ಬೀಳುವ ಆವೃತ್ತಿಗಳನ್ನು ಹೇಗೆ ಎಣಿಸಲಾಯಿತು ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಅಗಲವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದಾಗಲೂ ನಿಲ್ಲುವ ಆವರ್ತನೆಯನ್ನು ಮಾತ್ರ ನಂಬಬೇಕು. ಕಂಡ ಪ್ರತಿಯೊಂದು ಆವರ್ತನೆಗೂ ಸೋಸಿ ತೆಗೆದ ವೇಳೆಯನ್ನು ಮತ್ತೆ ಜೋಡಿಸಿ, ಅದು ಘಟನೆಯೋ ಪ್ರತಿಯೋ ಎಂದು ಪರೀಕ್ಷಿಸಬೇಕು. ಕಡೆಯದಾಗಿ, ಪಟ್ಟಿಯ ತಲೆಯನ್ನು ಓದಿದಷ್ಟೇ ಶ್ರದ್ಧೆಯಿಂದ ಅದರ ಬಾಲವನ್ನೂ ಓದಬೇಕು.

ಇವೆಲ್ಲಕ್ಕೂ ಮೂಲ ಕಡತ ಉಳಿದಿರಬೇಕೆಂಬುದು ಮೊದಲ ಷರತ್ತು. ಅದು ಉಳಿಯುತ್ತಿಲ್ಲ. ಲಿನಕ್ಸ್ ಯಂತ್ರಗಳಲ್ಲಿ ಲಾಗ್ ಕಡತಗಳನ್ನು ಸರದಿಯಂತೆ ತೆಗೆದುಹಾಕಲು ಲಾಗ್‌ರೊಟೇಟ್ ಎಂಬ ಪ್ರೋಗ್ರಾಮಿದೆ. ಅನೇಕ ಕಡೆ ಅದರೊಡನೆ ಸಿದ್ಧವಾಗಿ ಬರುವ ಏರ್ಪಾಡಿನಂತೆ ವಾರಕ್ಕೊಂದು ಕಡತ ಮುಗಿಯುತ್ತದೆ, ಹಿಂದಿನ ನಾಲ್ಕು ವಾರಗಳದು ಉಳಿಯುತ್ತದೆ, ಅದಕ್ಕಿಂತ ಹಳೆಯದು ಅಳಿಯುತ್ತದೆ. ಬಳಪದಿಂದ ಬರೆದ ಕಡತವನ್ನು ಒರೆಸಿದವನಿಗೆ ತಾನು ಒರೆಸುತ್ತಿದ್ದೇನೆಂಬ ಅರಿವಾದರೂ ಇತ್ತು. ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಒಂದು ವರ್ಷ ತಡವಾಗಿ ಬಂದಿದ್ದು, ಅಷ್ಟರಲ್ಲಿ ಮೂಲ ಕಡತ ಅಳಿದು ನನ್ನ ಪಟ್ಟಿ ಮಾತ್ರ ಉಳಿದಿದ್ದರೆ, ಕಾವಲುಗಾರನ ಸುತ್ತಾಟ ಇಂದಿಗೂ ಜನರ ಇತಿಹಾಸಪ್ರೇಮಕ್ಕೆ ಪ್ರಮಾಣವಾಗಿ ನಿಂತಿರುತ್ತಿತ್ತು. ಸುಳ್ಳೆಂದು ತೋರಿಸುವ ದಾರಿಯೇ ಯಾರಿಗೂ ಇರುತ್ತಿರಲಿಲ್ಲ.

ಆದುದರಿಂದ ಸಂಶೋಧನೆಗೆ ಆಧಾರವಾದ ಲಾಗ್ ಕಡತಗಳನ್ನು, ವ್ಯಕ್ತಿಗಳ ಗುರುತನ್ನು ಮಾತ್ರ ಮರೆಮಾಡಿ, ವೇಳೆಯೊಡನೆ ಇಡಿಯಾಗಿ ಕಾಪಾಡುವ ವ್ಯವಸ್ಥೆಯನ್ನು ವಿಶ್ವವಿದ್ಯಾನಿಲಯಗಳು ಮಾಡಬೇಕು. ರೈಸ್ ಅವರು ಅನುವಾದದಲ್ಲಿ ಬಿಟ್ಟುದನ್ನು ಮೂಲಪಾಠದಲ್ಲಿ ಉಳಿಸಿಹೋದರು. ಆ ಮೂಲಪಾಠವಿರುವುದರಿಂದಲೇ ಒಂದು ಶತಮಾನಕ್ಕೂ ಮಿಕ್ಕಿ ಕಳೆದ ಮೇಲೂ ಅವರ ತಪ್ಪುಗಳನ್ನು ನಾವು ತಿದ್ದಬಲ್ಲೆವು. ನಮ್ಮ ತಪ್ಪುಗಳನ್ನು ತಿದ್ದುವ ಅವಕಾಶವನ್ನು ಮುಂದಿನವರಿಗೆ ಉಳಿಸುವುದು ನಮ್ಮ ಕರ್ತವ್ಯ.